ಹೆಣದ ಹಣೆ ಮೇಲೆ ‘ಅ’ ಬರೆದು ಎಣಿಸಿದ್ರಂತೆ, 42,300. ಈ ಲೆಕ್ಕ ನಂಬಬಹುದಾ?

ಬೆಳ್ಳಂಬೆಳಗ್ಗೆ (ಪ್ರಶ್ನೆ)

ಎಲ್ರಿಗೂ ನಮಸ್ಕಾರ. ಮೂರು ತಿಂಗಳು ಒಂದು ಸಮುರಾಯ್ ಗೇಮ್ ಹುಚ್ಚು ಹಿಡಿದಿತ್ತು, ಈಗ ಗೇಮ್ ಬಿಟ್ಟು ಆ ಕಾಲದ ಬಗ್ಗೆ ಓದೋ ಹುಚ್ಚು. ಗೇಮಲ್ಲಿ ಹಳ್ಳಿಯೋರು ಅಂದ್ರೆ ಸುಮ್ನೆ ಓಡಾಡ್ಕೊಂಡಿರೋ ಗೊಂಬೆಗಳು, ಯಾರೂ ಊಟ ಮಾಡಲ್ಲ, ಯಾರಿಗೂ ಹಸಿವಾಗಲ್ಲ. ಓದೋಕೆ ಕೂತ್ರೆ ಕತ್ತಿಗಿಂತ ಹೊಟ್ಟೆ ವಿಷಯನೇ ಜಾಸ್ತಿ ಬರ್ತಿದೆ.

ನಿನ್ನೆ ಕಾಮೊ ನೊ ಚೋಮೆಯ್ ಅನ್ನೋರು 1212ರಲ್ಲಿ ಬರೆದ ‘ಹೋಜೋಕಿ’ ಓದಿದೆ. ಒಂದೇ ಕೂತಲ್ಲಿ ಮುಗಿಯೋವಷ್ಟು ಚಿಕ್ಕದು, ಆದ್ರೆ ಮುಗಿಸಿದ್ಮೇಲೆ ನಿದ್ದೆ ಬರ್ಲಿಲ್ಲ. 1177ರಲ್ಲಿ ಕ್ಯೋಟೊಗೆ ದೊಡ್ಡ ಬೆಂಕಿ, 1180ರಲ್ಲಿ ಸುಂಟರಗಾಳಿ, ಅದೇ ವರ್ಷ ರಾಜಧಾನಿನೇ ಫುಕುಹರಾಗೆ ಎತ್ತಂಗಡಿ ಮಾಡಿ ಆಮೇಲೆ ವಾಪಸ್ ತಂದ್ರು, 1181-82ರಲ್ಲಿ ಬರ, 1185ರಲ್ಲಿ ಭೂಕಂಪ. ಎಂಟು ವರ್ಷದಲ್ಲಿ ಇಷ್ಟೆಲ್ಲಾ ಒಂದೇ ಊರಿಗೆ! ಬರದ ಭಾಗದಲ್ಲಿ ನಿನ್ನಾಜಿ ದೇವಸ್ಥಾನದ ರ್ಯೂಗ್ಯೋ ಅನ್ನೋ ಸನ್ಯಾಸಿ ಬರ್ತಾರೆ, ಬೀದೀಲಿ ಕಂಡ ಪ್ರತಿ ಹೆಣದ ಹಣೆ ಮೇಲೂ ‘ಅ’ ಅಂತ ಬರೀತಾ ಹೋಗ್ತಾರೆ, ನಾಲ್ಕನೇ ತಿಂಗಳು ಐದನೇ ತಿಂಗಳು ಎರಡೂ ಸೇರಿ ಎಣಿಸಿದ್ರೆ 42,300 ಚಿಲ್ಲರೆ.

ನನ್ನ ಡೌಟು ಎರಡು. ಒಬ್ಬ ಮನುಷ್ಯ ಎರಡು ತಿಂಗಳಲ್ಲಿ ಅಷ್ಟು ಎಣಿಸೋಕಾಗುತ್ತಾ, ಅಥವಾ ನಮ್ಮ ಪುರಾಣದಲ್ಲಿ ಅರವತ್ತು ಸಾವಿರ ಮಕ್ಕಳು ಅಂತಾರಲ್ಲ ಆ ಥರನಾ? ಇನ್ನೊಂದು, ಅದೇ ವರ್ಷಗಳಲ್ಲಿ ತೈರಾ ಮತ್ತೆ ಮಿನಾಮೊಟೊ ಅನ್ನೋ ಎರಡು ಸಮುರಾಯ್ ಮನೆತನಗಳ ನಡುವೆ ಗೆನ್‌ಪೆಯ್ ಯುದ್ಧ ನಡೀತಿತ್ತು, ಚೋಮೆಯ್ ಅದರ ಬಗ್ಗೆ ಹೆಚ್ಚುಕಮ್ಮಿ ಮಾತೇ ಆಡಲ್ಲ. ಜನ ಸತ್ತಿದ್ದು ಬರದಿಂದನಾ ಯುದ್ಧದಿಂದನಾ? ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ.

---

ಲೆಕ್ಕಾಚಾರಿ

42,300 ÷ 60 = ದಿನಕ್ಕೆ 705. ಹನ್ನೆರಡು ಗಂಟೆ ಒಂದೇ ಸಮ ನಡೆದ್ರೂ ನಿಮಿಷಕ್ಕೊಂದು ಹೆಣ. ಊಟ ಇಲ್ಲ, ನೀರಿಲ್ಲ, ಕುಂಚಕ್ಕೆ ಮಸಿ ಹಚ್ಕೊಳ್ಳೋಕೂ ಟೈಮ್ ಇಲ್ಲ. ನಾನಂತೂ ನಂಬಲ್ಲ ಗುರು.

---

ಕಾಗದದ ದೋಣಿ

ಲೆಕ್ಕಾಚಾರಿಯವರೇ ಸ್ವಲ್ಪ ತಡೀರಿ, ಹೋಜೋಕಿಯ ಪಾಠಾಂತರಗಳು ಬೇರೆ ಬೇರೆ ಇವೆ. ಒಂದು ಪಾಠದಲ್ಲಿ ರ್ಯೂಗ್ಯೋ ಒಬ್ಬರೇ ಬರೆದ ಹಾಗಿದೆ, ಆಮೇಲೆ ಜಾಸ್ತಿ ಓಡಾಡಿದ ಪಾಠದಲ್ಲಿ ಅವರು ಬೇಕಾದಷ್ಟು ಸಾಧುಗಳನ್ನ ಜೊತೆಗೆ ಕರ್ಕೊಂಡು ಮಾಡಿದ್ರು ಅಂತಿದೆ. ಹತ್ತು ಹದಿನೈದು ಜನ ಬೀದಿ ಹಂಚ್ಕೊಂಡ್ರೆ ದಿನಕ್ಕೆ 705 ದೊಡ್ಡ ವಿಷಯ ಅಲ್ಲ. ನಿಮ್ಮ ಥರಾನೇ ಯಾರೋ ಹಳೇ ಕಾಲದ ಲೆಕ್ಕಾಚಾರಿ ಭಾಗಾಕಾರ ಮಾಡಿ ನೋಡಿ ಆ ಸಾಲು ಸೇರಿಸಿರಬಹುದು ಅಂತ ನಂಗೆ ಒಂದೊಂದ್ಸಲ ಅನ್ಸುತ್ತೆ 😀

ನಂಗೆ ಇಷ್ಟ ಆಗೋದು ಆ ಲೆಕ್ಕದ ಗಡಿ. ಚೋಮೆಯ್ ಸುಮ್ನೆ ‘ಊರಲ್ಲಿ’ ಅನ್ನಲ್ಲ, ಇಚಿಜೋ ಬೀದಿಯಿಂದ ತೆಂಕಣಕ್ಕೆ, ಕುಜೋ ಬೀದಿಯಿಂದ ಬಡಗಣಕ್ಕೆ, ಕ್ಯೋಗೊಕುವಿನಿಂದ ಪಶ್ಚಿಮಕ್ಕೆ, ಸುಜಾಕುವಿನಿಂದ ಪೂರ್ವಕ್ಕೆ ಅಂತ ಚೆಕ್‌ಬಂದಿ ಹಾಕ್ತಾರೆ. ಅಂದ್ರೆ ಊರಿನ ಪೂರ್ವದ ಅರ್ಧ ಮಾತ್ರ. ಇದಕ್ಕೆ ಮೊದಲು ಸತ್ತವರು, ಆಮೇಲೆ ಸತ್ತವರು, ಕಾಮೊ ನದಿ ಪಾತ್ರ, ಶಿರಾಕಾವಾ, ಪಶ್ಚಿಮದ ಅರ್ಧ ಇದೆಲ್ಲಾ ಸೇರಿಸಿದ್ರೆ ಲೆಕ್ಕವೇ ಇಲ್ಲ ಅಂತ ಅವರೇ ಹೇಳ್ತಾರೆ. ಸುಳ್ಳು ಲೆಕ್ಕ ಹೇಳೋನು ಇಷ್ಟು ನೆಟ್ಟಗೆ ಗಡಿ ಹಾಕಲ್ಲ. ಹಾಗಂತ ಚಿಲ್ಲರೆ ಸಮೇತ ಸತ್ಯ ಅಂತಾನೂ ಅನ್ನಲ್ಲ, ಬರೆದಿದ್ದು ಘಟನೆ ಆಗಿ ಮೂವತ್ತು ವರ್ಷದ ಮೇಲೆ, ಹಿನೊ ಬೆಟ್ಟದ ಗುಡಿಸಲಲ್ಲಿ ಕೂತು.

ಇನ್ನು ಆ ಅಕ್ಷರ. ಅದು ಎಣಿಸೋಕೆ ಹಾಕಿದ ಗುರುತಲ್ಲ. ನಿನ್ನಾಜಿ ಶಿಂಗೊನ್ ಅನ್ನೋ ಬೌದ್ಧ ಪಂಥದ ದೇವಸ್ಥಾನ, ಅವರಿಗೆ ಸಿದ್ಧಂ ಲಿಪಿಯ ‘ಅ’ ಅಂದ್ರೆ ಎಲ್ಲದರ ಮೂಲ. ಸಂಸ್ಕೃತದ ‘ಅನುತ್ಪಾದ’, ಅಂದ್ರೆ ಹುಟ್ಟೇ ಇಲ್ಲದ್ದು ಅನ್ನೋ ಪದದ ಮೊದಲಕ್ಷರ. ಆ ಅಕ್ಷರದ ಮೇಲೆ ಧ್ಯಾನ ಮಾಡೋ ಪದ್ಧತಿ ಅಲ್ಲಿ ಈಗಲೂ ಇದೆ. ಸಂಸ್ಕಾರ ಇಲ್ಲದೆ ಬೀದೀಲಿ ಬಿದ್ದ ಹೆಣಕ್ಕೆ ಬುದ್ಧನ ಜೊತೆ ಒಂದು ನಂಟು ಕಟ್ಟಿ ಕಳಿಸೋದು ಉದ್ದೇಶ, ನಮ್ಮಲ್ಲಿ ಕೊನೆಗಾಲದಲ್ಲಿ ಬಾಯಿಗೆ ಗಂಗೆ ಬಿಡ್ತಾರಲ್ಲ ಹಾಗೆ ಅಂತಿಟ್ಕೊಳ್ಳಿ. ಎಣಿಕೆ ಹುಟ್ಟಿದ್ದು ಅದರ ಪಕ್ಕದಲ್ಲಿ. ಸಿದ್ಧಂ ಕೂಡ ಬ್ರಾಹ್ಮಿಯಿಂದ ಬಂದಿದ್ದು, ನಮ್ಮ ಕನ್ನಡ ಲಿಪಿನೂ ಬ್ರಾಹ್ಮಿಯಿಂದ ಬಂದಿದ್ದು. ನಾವು ಮಕ್ಕಳ ಕೈಲಿ ಮೊದಲು ತಿದ್ದಿಸೋ ಅಕ್ಷರವನ್ನ ಅವರು ಅಲ್ಲಿ ಕೊನೇದಾಗಿ ಬರೆದ್ರು.

ಎರಡನೇ ಪ್ರಶ್ನೆಗೆ ರಾತ್ರಿ ಬಂದು ಬರೀತೀನಿ, ಈಗ ಮೀಟಿಂಗ್ ಇದೆ.

---

ಸುಮ್ನೆ ನೋಡ್ತಿರೋನು

ಬೆಳಿಗ್ಗೆ ಬೆಳಿಗ್ಗೆ ಉಪ್ಪಿಟ್ಟು ತಿಂತಾ ಇದನ್ನ ಓಪನ್ ಮಾಡಿದ್ದು ನಂದೇ ತಪ್ಪು.

---

ಗದ್ದೆಬದು

ಬರನಾ ಯುದ್ಧನಾ ಅಂತ ಬೇರೆ ಮಾಡೋಕಾಗಲ್ಲ ಅನ್ನೋದು ನನ್ನ ಅಭಿಪ್ರಾಯ. 1180ರಲ್ಲಿ ಪಶ್ಚಿಮ ಜಪಾನಲ್ಲಿ ಮಳೆ ಕೈಕೊಡ್ತು, ಅದೇ ವರ್ಷ ಪೂರ್ವದಲ್ಲಿ ಮಿನಾಮೊಟೊ ಮನೆತನದ ಯೊರಿತೊಮೊ ದಂಗೆ ಎದ್ದ. ಕ್ಯೋಟೊ ಅನ್ನೋದು ತಾನೇ ಬೆಳೆದು ತಿನ್ನೋ ಊರಲ್ಲ, ಎಲ್ಲಾ ಪ್ರಾಂತ್ಯದಿಂದ ತೆರಿಗೆ ಅಂತ ಬರೋ ಅಕ್ಕಿ ಮೇಲೆ ನಿಂತಿದ್ದು. ಪಶ್ಚಿಮದಲ್ಲಿ ಬೆಳೆ ಇಲ್ಲ, ಪೂರ್ವದಲ್ಲಿ ಬೆಳೆ ಇದ್ರೂ ದಾರಿ ಶತ್ರು ಕೈಲಿ. ಸಾಲದ್ದಕ್ಕೆ ತೈರಾದವರು ಸೈನ್ಯಕ್ಕೆ ಅಂತ ಅಕ್ಕಿ ವಸೂಲಿ ಶುರು ಮಾಡಿದ್ರು. ಈಗ ಹೇಳಿ, ಸತ್ತವನು ಯಾವ ಖಾತೆಗೆ ಜಮಾ?

ಇನ್ನೂ ತಮಾಷೆ ಅಂದ್ರೆ ಬರ ಯುದ್ಧನೂ ನಿಲ್ಸಿಬಿಡ್ತು. 1181ರಿಂದ ಹೆಚ್ಚುಕಮ್ಮಿ ಒಂದೂವರೆ ಎರಡು ವರ್ಷ ಎರಡೂ ಕಡೆಯವರು ದೊಡ್ಡದಾಗಿ ಏನೂ ಮಾಡೋಕಾಗ್ಲಿಲ್ಲ, ಸೈನ್ಯಕ್ಕೆ ತಿನ್ಸೋಕೆ ಇದ್ರೆ ತಾನೆ ಕರ್ಕೊಂಡು ಹೋಗೋದು. 1183ರಲ್ಲಿ ಮಿನಾಮೊಟೊ ಕಡೆಯ ಕಿಸೊ ಯೊಶಿನಾಕಾ ತೈರಾದವರನ್ನ ಓಡಿಸಿ ಕ್ಯೋಟೊ ಒಳಗೆ ಬಂದಾಗ ಜನ ಮೊದಲು ಖುಷಿ ಪಟ್ರಂತೆ, ಆಮೇಲೆ ನೋಡಿದ್ರೆ ಅವನ ಸೈನಿಕರಿಗೆ ಊಟಕ್ಕಿಲ್ಲ, ಗದ್ದೇಲಿದ್ದ ಹಸಿ ಪೈರು ಕೊಯ್ದು ಕುದುರೆಗೆ ಹಾಕಿದ್ರು, ಮನೆ ಮನೆ ನುಗ್ಗಿ ಕಾಳು ಕಿತ್ಕೊಂಡ್ರು. ಆರು ತಿಂಗಳಲ್ಲಿ ಎಲ್ಲರಿಗೂ ಬೇಡವಾಗಿ 1184ರ ಶುರುವಿನಲ್ಲೇ ಸತ್ತ. ಯುದ್ಧ ಮುಗಿದ ಮೇಲಾದ್ರೂ ಬಿಟ್ರಾ? 1185ರಲ್ಲಿ ಯೊರಿತೊಮೊ ಒಂದು ತಾನ್ ಗದ್ದೆಗೆ 5 ಶೋ ಅಕ್ಕಿ (ತಾನ್ ನೆಲದ ಅಳತೆ, ಶೋ ಕಾಳಿನ ಅಳತೆ) ಸೈನ್ಯದ ಖರ್ಚಿಗೆ ಅಂತ ಎತ್ತೋ ಹಕ್ಕು ತಗೊಂಡ. ಅದೂ ಭೂಕಂಪ ಆಗಿ ನಾಲ್ಕೈದು ತಿಂಗಳಿಗೆ. ಗಲಾಟೆ ಆಗಿ ಮರುವರ್ಷ ಕೈಬಿಡಬೇಕಾಯ್ತು.

ನಮ್ಮದು ಗದ್ದೆ ಇರೋ ಮನೆ, ಹಾಗಾಗಿ ಒಂದು ಮಾತು. ಬರ ಅಂದ ತಕ್ಷಣ ಎಲ್ರೂ ಬಿರುಕು ಬಿಟ್ಟ ನೆಲ ಕಣ್ಮುಂದೆ ತಂದ್ಕೋತಾರೆ. ಜಪಾನಲ್ಲಿ ಪೂರ್ವಕ್ಕೆ ಉತ್ತರಕ್ಕೆ ಹೋದಷ್ಟೂ ಬೆಳೆ ಹಾಳಾಗಿದ್ದು ಬಿಸಿಲಿಂದ ಅಲ್ಲ, ಚಳಿಯಿಂದ. ಬೇಸಿಗೆ ತಣ್ಣಗಿದ್ದು ಮಳೆ ಬಿಡದೆ ಹುಯ್ದು ತೆನೆ ಕಟ್ಟೋ ಹೊತ್ತಿಗೆ ಬಿಸಿಲಿಲ್ಲ ಅಂದ್ರೆ ಪೈರು ಹಸಿರಾಗೇ ಇರುತ್ತೆ, ಹಿಸುಕಿ ನೋಡಿದ್ರೆ ಒಳಗೆ ಹಾಲಿಲ್ಲ, ಬರೀ ಜೊಳ್ಳು. ದೂರದಿಂದ ನೋಡಿದೋನಿಗೆ ಗದ್ದೆ ಚೆನ್ನಾಗೇ ಕಾಣುತ್ತೆ.

---

ಕಾಗದದ ದೋಣಿ

ಗದ್ದೆಬದು ಹೇಳಿದ ಚಳಿಗೆ ಪಕ್ಕಾ ಉದಾಹರಣೆ 1230-31ರ ಕಾಂಗಿ ಬರ. 1230ರಲ್ಲಿ ಹಳೇ ಪಂಚಾಂಗದ ಆರನೇ ತಿಂಗಳು, ಅಂದ್ರೆ ನಡು ಬೇಸಿಗೇಲಿ, ಮಿನೊ ಮತ್ತೆ ಮುಸಾಶಿ ಪ್ರಾಂತ್ಯದಲ್ಲಿ ಹಿಮ ಬಿತ್ತು ಅಂತ ಯೊರಿತೊಮೊ ಕಟ್ಟಿದ ಕಾಮಾಕುರಾದ ಸಮುರಾಯ್ ಸರ್ಕಾರದ ದಾಖಲೇಲೇ ಇದೆ. ದೇಶದ ಮೂರರಲ್ಲೊಂದು ಪಾಲು ಜನ ಹೋದ್ರು ಅಂತ ಒಂದು ವೃತ್ತಾಂತ ಹೇಳುತ್ತೆ. ಲೆಕ್ಕಾಚಾರಿ ಕೂಗೋಕ್ ಮುಂಚೆ ನಾನೇ ಹೇಳ್ತೀನಿ, ಅದನ್ನ ಲೆಕ್ಕ ಅಂತ ಓದಬಾರದು, ಭಯ ಅಂತ ಓದಬೇಕು.

ನಂಗೆ ಕಾಂಗಿ ಅಂದ್ರೆ ನೆನಪಾಗೋದು ಫುಜಿವಾರಾ ನೊ ತೇಯ್ಕಾ. ಜಪಾನಿನ ಸಾಹಿತ್ಯದಲ್ಲಿ ಇವರಿಗಿಂತ ದೊಡ್ಡ ಕವಿ ಹುಡುಕೋದು ಕಷ್ಟ, ಆಗ ಎಪ್ಪತ್ತರ ಹತ್ರ ವಯಸ್ಸು, ಆಸ್ಥಾನದ ದೊಡ್ಡ ಮನುಷ್ಯ. ಅವರ ದಿನಚರೀಲಿ 1230ರ ಹತ್ತನೇ ತಿಂಗಳು ಏನ್ ಬರ್ಕೊಂಡಿದಾರೆ ಗೊತ್ತಾ, ಆಳುಗಳಿಗೆ ಹೇಳಿ ಮನೆ ಕೈತೋಟದ ಗಿಡಗಳನ್ನೆಲ್ಲಾ ಕಿತ್ತು ಎಸೆಸಿ ಆ ಜಾಗದಲ್ಲಿ ಗೋಧಿಗೆ ಸಾಲು ಹೊಡೆಸಿದೆ, ಸ್ವಲ್ಪವೇ ಆದ್ರೂ ಕೆಟ್ಟ ವರ್ಷಕ್ಕೆ ಆಗುತ್ತೆ, ನಗಬೇಡಿ, ಈ ಬಡಮುದುಕನಿಗೆ ಬೇರೆ ದಾರಿ ಏನಿದೆ ಅಂತ. ಜೀವಮಾನ ಪೂರ್ತಿ ಹೂವು, ಚಂದ್ರ, ಶರತ್ಕಾಲದ ಸಂಜೆ ಅಂತ ಬರೆದ ಮನುಷ್ಯ ತನ್ನ ಕೈತೋಟ ಅಗೆಸಿ ಗೋಧಿ ಹಾಕಿಸ್ತಾನೆ. ಮರುವರ್ಷ ಬೇಸಿಗೇಲಿ ಬೀದಿಯ ಹೆಣಗಳ ವಾಸನೆ ಮನೆಯೊಳಗೆ ಬರ್ತಾ ಇದೆ ಅಂತಾನೂ ಬರೀತಾರೆ. ದೊಡ್ಡ ಮನುಷ್ಯರ ಮನೆ ಕಥೆ ಇದಾದ್ರೆ ಹಳ್ಳಿಯೋರ ಕಥೆ ಯೋಚ್ನೆ ಮಾಡಿ.

ಹಳ್ಳಿಯೋರು ಮಾಡಿದ್ದು ತಮ್ಮನ್ನ ತಾವೇ ಮಾರ್ಕೊಂಡಿದ್ದು. ಹೆಂಡ್ತಿ ಮಕ್ಕಳನ್ನ ಮಾರಿದ್ದು. ಜನರನ್ನ ಮಾರೋದು ಕಾನೂನು ಪ್ರಕಾರ ತಪ್ಪೇ ಇತ್ತು, ಆದ್ರೆ ಸರ್ಕಾರ ಬರದ ಟೈಮಲ್ಲಿ ಕಣ್ಮುಚ್ಕೊಂಡಿತ್ತು. 1239ರಲ್ಲಿ ಆದೇಶ ಬಂತು: ಬರದಲ್ಲಿ ಊಟ ಹಾಕಿ ಸಾಕಿದವನು ಯಾರೋ ಅವನಿಗೇ ಆ ಜನ ಸೇರಿದ್ದು, ಇನ್ಮೇಲೆ ಮಾತ್ರ ಮಾರಾಟ ಬಂದ್. ಯಾಕೆ ಆದೇಶ ಬೇಕಾಯ್ತು? ಬರ ಮುಗಿದ ಮೇಲೆ ಅಪ್ಪ ಅಮ್ಮ ಬಂದು ನನ್ನ ಮಗ ವಾಪಸ್ ಕೊಡಿ ಅಂತಾರೆ, ತಗೊಂಡೋನು ಎಂಟು ವರ್ಷ ಸಾಕಿದೀನಿ ಕೊಡಲ್ಲ ಅಂತಾನೆ, ಇಂಥ ಜಗಳಗಳು ಕೋರ್ಟಿಗೆ ಬಂದು ರಾಶಿ ಬಿದ್ದಿದ್ವು. ಆಗ ಆಡಳಿತ ಹೋಜೋ ಯಾಸುತೊಕಿ ಕೈಲಿತ್ತು, 1232ರಲ್ಲಿ ಸಮುರಾಯ್‌ಗಳಿಗೆ ಮೊದಲ ಕಾನೂನು ಸಂಹಿತೆ ಮಾಡಿಸಿದ್ದೂ ಇವನೇ. ಬರ ಮುಗೀತಿದ್ದ ಹಾಗೇ ಆ ಸಂಹಿತೆ ಬಂದಿದ್ದು ಕಾಕತಾಳೀಯ ಅಲ್ಲ ಅಂತ ತುಂಬಾ ಇತಿಹಾಸಕಾರರು ಹೇಳ್ತಾರೆ, ನಂಗೂ ಹಾಗೇ ಅನ್ಸುತ್ತೆ.

---

ಸುಮ್ನೆ ನೋಡ್ತಿರೋನು

ಬರ ಬಂದಾಗ ರಾಜ ಏನ್ ಮಾಡ್ತಿದ್ದ? ಯಾಗ ಹೋಮ?

---

ಕಾಗದದ ದೋಣಿ

ಪೂಜೆ ಪಾರಾಯಣ ಅಂತೂ ಇದ್ದೇ ಇತ್ತು. ಅದರ ಜೊತೆ ವರ್ಷದ ಹೆಸರು, ಅಂದ್ರೆ ವರ್ಷ ಎಣಿಸೋ ಶಕೆಯ ಹೆಸರು, ಬದಲಿಸೋರು! ಯೋವಾ ಅನ್ನೋ ಹೆಸರಲ್ಲಿ ಬರ ಬಂತು, 1182ರಲ್ಲಿ ಜುಎಯ್ ಅಂತ ಮಾಡಿದ್ರು. 1185ರ ಏಳನೇ ತಿಂಗಳು ಭೂಕಂಪ, ಎಂಟನೇ ತಿಂಗಳು ಹೊಸ ಹೆಸರು. ಕಾಂಗಿ ಬರಕ್ಕೆ 1232ರಲ್ಲಿ ಜೋಎಯ್. ನಮ್ಮ ಸಿನಿಮಾದವರು ಹೆಸರಿಗೆ ಒಂದಕ್ಷರ ಜಾಸ್ತಿ ಸೇರಿಸ್ಕೊಳ್ತಾರಲ್ಲ, ಇಡೀ ದೇಶಕ್ಕೇ ಆ ಥರ. ಪಾಪ, 1460ರ ಕೊನೇಲಿ ಬರ ಅಂತ ಹೆಸರು ಬದಲಿಸಿ ಕಾನ್ಶೋ ಅಂತ ಇಟ್ರು, ಮುಂದಿನ ವರ್ಷನೇ ಎಲ್ಲಕ್ಕಿಂತ ಕೆಟ್ಟದಾಯ್ತು, ಈಗ ಅದನ್ನ ಕಾನ್ಶೋ ಬರ ಅಂತಾನೇ ಕರೀತಾರೆ.

ಒಳ್ಳೇದೂ ಒಂದು ಹೇಳ್ಬೇಕು. 1257ರಲ್ಲಿ ಕಾಮಾಕುರಾಗೆ ದೊಡ್ಡ ಭೂಕಂಪ, ಮುಂದಿನ ವರ್ಷ ಬಿರುಗಾಳಿ ಮಳೆಗೆ ಬೆಳೆ ನಾಶ, ಅದನ್ನ ಶೋಕಾ ಬರ ಅಂತಾರೆ. ಆಗ 1259ರಲ್ಲಿ ಸರ್ಕಾರ ಜಮೀನು ಉಸ್ತುವಾರಿ ನೋಡೋ ಜಿತೋಗಳಿಗೆ ಆದೇಶ ಕಳಿಸ್ತು: ಹಸಿದ ಜನ ಕಾಡಿಗೆ ಹೋಗಿ ಗೆಣಸು ಅಗೆಯೋದು, ಹೊಳೇಲಿ ಮೀನು ಹಿಡಿಯೋದು, ಕಡಲಲ್ಲಿ ಪಾಚಿ ಆರಿಸೋದು, ಇದಕ್ಕೆಲ್ಲಾ ಅಡ್ಡಿ ಮಾಡಬೇಡಿ ಅಂತ. ಅಂದ್ರೆ ಅಲ್ಲೀತನಕ ಅಡ್ಡಿ ಮಾಡ್ತಿದ್ರು ಅಂತ ತಾನೆ ಅರ್ಥ. ನಿಚಿರೆನ್ ಅನ್ನೋ ಬೌದ್ಧ ಸನ್ಯಾಸಿ 1260ರಲ್ಲಿ ಈ ಅನಾಹುತಕ್ಕೆಲ್ಲಾ ನೀವು ನಂಬಿರೋ ತಪ್ಪು ಧರ್ಮವೇ ಕಾರಣ ಅಂತ ಸರ್ಕಾರಕ್ಕೆ ಬರ್ಕೊಟ್ಟಿದ್ದೂ ಇದೇ ಹೆಣಗಳ ನಡುವೆ ನಿಂತು.

---

ಲೆಕ್ಕಾಚಾರಿ

1257ರಲ್ಲಿ ಇಂಡೋನೇಷ್ಯಾದ ಲೊಂಬೊಕ್ ದ್ವೀಪದಲ್ಲಿ ಸಮಲಾಸ್ ಅನ್ನೋ ಜ್ವಾಲಾಮುಖಿ ಸಿಡೀತು, ಅದರ ಗಂಧಕ ಉತ್ತರ ದಕ್ಷಿಣ ಎರಡೂ ಧ್ರುವದ ಹಿಮದಲ್ಲಿ ಸಿಕ್ಕಿದೆ, ಯಾವ ಬೆಟ್ಟ ಅಂತ ಗೊತ್ತಾಗಿದ್ದೇ 2013ರಲ್ಲಿ. ಶೋಕಾ ಬರಕ್ಕೂ ಅದಕ್ಕೂ ಲಿಂಕ್ ಹಾಕೋರಿದಾರೆ. ಇರಬಹುದು, ಆದ್ರೆ ದೇಶದೊಳಗಿನ ಬಿರುಗಾಳಿ, ವಸೂಲಿ, ಬೀಗ ಹಾಕಿದ ಕಾಡು ಎಲ್ಲಾ ಬಿಟ್ಟು ಜ್ವಾಲಾಮುಖಿ ತಲೆಗೆ ಕಟ್ಟೋದೂ ಒಂದು ಥರ ವರ್ಷದ ಹೆಸರು ಬದಲಿಸಿದ ಹಾಗೇ.

ಆಮೇಲೆ ಕಾನ್ಶೋ ಬಂದಿದ್ದಕ್ಕೆ ಕೇಳ್ತೀನಿ. ಅದರಲ್ಲೂ ಒಂದು ಲೆಕ್ಕ ಇದೆಯಲ್ಲ, 82,000? ಅದನ್ನೂ ನಂಬ್ತೀರಾ?

---

ಒಸಾಕಾ ಒಗ್ಗರಣೆ

ನಾನು ಹತ್ತು ವರ್ಷದಿಂದ ಒಸಾಕಾದಲ್ಲಿ ಇರೋದು, ಕ್ಯೋಟೊಗೆ ಟ್ರೇನಲ್ಲಿ ಅರ್ಧ ಗಂಟೆ. ಆ 82,000ದ ಜಾಗ ನಾನು ವಾರ ಬಿಟ್ಟು ವಾರ ದಾಟ್ತೀನಿ, ಶಿಜೋ ಸೇತುವೆ. ಈಗ ಸಂಜೆ ಹೊತ್ತು ಹೋದ್ರೆ ಕೆಳಗೆ ಕಾಮೊ ನದಿ ದಂಡೇಲಿ ಜೋಡಿಗಳು ಅಳತೆ ಮಾಡಿದ ಹಾಗೆ ಸಮ ಅಂತರ ಬಿಟ್ಟು ಕೂತಿರ್ತಾರೆ, ಬೇಸಿಗೇಲಿ ಹೋಟೆಲಿನವರು ನದಿ ಮೇಲೆ ಅಟ್ಟ ಹಾಕಿ ಊಟ ಬಡಿಸ್ತಾರೆ. 1461ರಲ್ಲಿ ತೋಫುಕುಜಿ ದೇವಸ್ಥಾನದ ಉನ್ಜೆನ್ ತೈಕ್ಯೊಕು ಅನ್ನೋ ಸನ್ಯಾಸಿ ಇದೇ ಸೇತುವೆ ಮೇಲಿಂದ ನದಿ ಹರಿದು ಬರೋ ಕಡೆ ನೋಡಿ ಬರ್ಕೊಂಡಿದಾರೆ, ಲೆಕ್ಕ ಇಲ್ಲದಷ್ಟು ಹೆಣ ಬಂಡೆ ಉರುಳಿ ಬಿದ್ದ ಹಾಗೆ ಬಿದ್ದಿವೆ, ನೀರಿಗೆ ಹರಿಯೋಕೆ ಜಾಗ ಇಲ್ಲ ಅಂತ.

ಲೆಕ್ಕ ಹೇಗೆ ಬಂತು ಅಂದ್ರೆ, ಊರ ಉತ್ತರದ ಕಡೆಯ ಒಬ್ಬ ಸನ್ಯಾಸಿ ಚಿಕ್ಕ ಚಿಕ್ಕ ಮರದ ಸ್ತೂಪ 84,000 ಮಾಡ್ಕೊಂಡು ಪ್ರತಿ ಹೆಣದ ಮೇಲೂ ಒಂದೊಂದು ಇಡ್ತಾ ಹೋದ್ರು, ಎರಡನೇ ತಿಂಗಳ ಕೊನೇಲಿ ನೋಡಿದ್ರೆ 2,000 ಉಳಿದಿತ್ತು. ಹೊಸ ವರ್ಷದಿಂದ ಎರಡೇ ತಿಂಗಳಲ್ಲಿ 82,000 ಜನ. ಅದೂ ಊರೊಳಗಿಂದು ಮಾತ್ರ.

ಇದೇ ತೈಕ್ಯೊಕು ಹಿಂದಿನ ವರ್ಷ 1460ರ ಮೂರನೇ ತಿಂಗಳಲ್ಲಿ ರೊಕುಜೋ ಹತ್ರ ಒಬ್ಬ ಹೆಂಗಸನ್ನ ನೋಡಿದ್ದು ಬರೀತಾರೆ. ಮಡಿಲಲ್ಲಿ ಮಗು, ಹೆಸರು ಹಿಡಿದು ಕರೀತಾ ಕರೀತಾ ಆಮೇಲೆ ಅರಚಿ ಅಳೋಕೆ ಶುರು ಮಾಡ್ತಾಳೆ, ನೋಡಿದ್ರೆ ಮಗು ಆಗಲೇ ಸತ್ತಿದೆ. ಯಾವೂರಮ್ಮ ಅಂದ್ರೆ ಕವಾಚಿ. ಮೂರು ವರ್ಷ ಬರ, ಪೈರಿಲ್ಲ, ಆದ್ರೂ ಅಧಿಕಾರಿಗಳು ತೆರಿಗೆ ಬಿಡಲ್ಲ, ಕೊಡದಿದ್ರೆ ಶಿಕ್ಷೆ, ಅದಕ್ಕೆ ಊರು ಬಿಟ್ಟು ತಿರಿದು ತಿಂತಾ ಬಂದೆ ಅಂತಾಳೆ. ಇವರು ಕೈಲಿದ್ದ ದುಡ್ಡು ಕೊಟ್ಟು ಮುಂದೆ ಹೋದ್ರೆ ಎದುರಿಗೆ ಹೂವು ನೋಡೋಕೆ ಹೋಗಿದ್ದ ದೊಡ್ಡವರ ಸವಾರಿ. ಕವಾಚಿ ಅನ್ನೋದು ಸುಮ್ನೆ ಅಲ್ಲ, ಅಲ್ಲಿ ಹತಾಕೆಯಾಮಾ ಮನೆತನದ ದಾಯಾದಿ ಯುದ್ಧ ನಡೀತಿತ್ತು. ಬರ, ಯುದ್ಧ, ತೆರಿಗೆ ಮೂರೂ ಆ ಒಬ್ಬಳ ಮಾತಲ್ಲೇ ಸಿಗುತ್ತೆ.

---

ಲೆಕ್ಕಾಚಾರಿ

ಕಣ್ಣಲ್ಲಿ ನೀರು ಬಂತು, ಅದು ಬೇರೆ. ಆದ್ರೆ 84,000 ಅನ್ನೋ ಸಂಖ್ಯೆ ಕೇಳಿದ ತಕ್ಷಣ ನಂಗೆ ಅಶೋಕ ನೆನಪಾದ. ಬುದ್ಧನ ಅಸ್ಥಿ ಹಂಚಿ ಅಶೋಕ 84,000 ಸ್ತೂಪ ಕಟ್ಟಿಸಿದ ಅನ್ನೋ ಕಥೆ ಚೀನಾ ಜಪಾನ್ ತನಕ ಹೋಗಿದೆ. ಮಸ್ಕಿ ಶಾಸನ ಕೆತ್ತಿಸಿದ ಅದೇ ದೊರೆ. 1197ರಲ್ಲಿ ಯೊರಿತೊಮೊ ಯುದ್ಧದಲ್ಲಿ ಸತ್ತವರಿಗೆ ಶಾಂತಿ ಅಂತ ಸ್ತೂಪ ಮಾಡಿಸಿದಾಗಲೂ 84,000ವೇ. ಅಂದ್ರೆ ಆ ಸನ್ಯಾಸಿ ಎಣಿಸೋಕೆ ಅಂತ 84,000 ಮಾಡಿದ್ದಲ್ಲ, ಪುಣ್ಯದ ಸಂಖ್ಯೆ ಅಂತ ಮಾಡಿದ್ದು. ಉಳಿದ 2,000 ಇದೆಯಲ್ಲ, ಅದೇ ನಂಗೆ ನಿಜ ಅನ್ಸೋದು. ಶಾಸ್ತ್ರಕ್ಕೆ ಹೇಳೋನಾಗಿದ್ರೆ ಎಲ್ಲಾ ಮುಗೀತು ಅಂತಿದ್ದ.

ಆಯ್ತು, ಅರ್ಧ ಒಪ್ಕೊಂಡೆ.

---

ಒಸಾಕಾ ಒಗ್ಗರಣೆ

ಅರ್ಧ ಸಾಕು 😄 ಇನ್ನೊಂದು ಹೇಳಿಬಿಡ್ತೀನಿ. ಆಗಿನ ಶೋಗುನ್ (ಚಕ್ರವರ್ತಿ ಹೆಸರಲ್ಲಿ ದೇಶ ಆಳೋ ಸೇನಾಧಿಪತಿ) ಅಶಿಕಾಗಾ ಯೊಶಿಮಾಸಾ ಅರಮನೆ ರಿಪೇರಿ, ತೋಟ, ಕೊಳ ಅಂತ ಖರ್ಚು ಮಾಡ್ತಾ ಕೂತಿದ್ದ, ಚಕ್ರವರ್ತಿ ಗೊ-ಹನಾಜೊನೊ ಕೊನೆಗೆ ತಡ್ಕೊಳ್ಳೋಕಾಗದೆ ಒಂದು ಪದ್ಯ ಬರೆದು ಕಳಿಸಿ ಚುಚ್ಚಬೇಕಾಯ್ತು. ಕೆಲಸ ಮಾಡಿದ್ದು ಗನ್ಅಮಿ ಅನ್ನೋ ಸನ್ಯಾಸಿ. ರೊಕ್ಕಕುಡೋ ದೇವಸ್ಥಾನದ ಪಕ್ಕ ಶೆಡ್ ಹಾಕಿ ಗಂಜಿ ಕೇಂದ್ರ ತೆರೆದ್ರು, ಶೋಗುನ್ ಕಡೆಯಿಂದ 100 ಕನ್ (ಆಗಿನ ಹಣದ ಲೆಕ್ಕ) ದುಡ್ಡು ಬಂತು, ಬಾಕಿದ್ದು ಬೀದಿ ಬೀದಿ ಎತ್ತಿದ್ದು. ನಡೆಯೋಕಾಗದವರನ್ನ ಬಿದಿರಿನ ಡೋಲಿಲಿ ಹೊತ್ಕೊಂಡು ಬರೋರು, ಸಿರಿಧಾನ್ಯದ ತೆಳು ಗಂಜಿ ಕುಡಿಸೋರು. ತಿಂಗಳೊಳಗೆ ಕೈಸೋತು ಮುಚ್ಚಬೇಕಾಯ್ತು, ಅಷ್ಟು ಜನ. ಈಗ ಆ ದೇವಸ್ಥಾನ ಹೂ ಜೋಡಿಸೋ ಕಲೆಗೆ ಫೇಮಸ್ಸು, ಸುತ್ತ ಆಫೀಸ್ ಬಿಲ್ಡಿಂಗು.

ಅಲ್ಲಿಂದ ಆರೇ ವರ್ಷ, 1467ರಲ್ಲಿ ಓನಿನ್ ಯುದ್ಧ, ಹತ್ತು ವರ್ಷ ಕ್ಯೋಟೊ ಬೀದಿಗಳಲ್ಲೇ. ಅದಕ್ಕೆ ಸಿಕ್ಕ ಕಾಲಾಳುಗಳು ಯಾರು? ಬರದಲ್ಲಿ ಊರು ಬಿಟ್ಟು ಬಂದು ಸಾಯದೆ ಉಳಿದಿದ್ದ ಇಂಥ ಜನಾನೇ ಎಷ್ಟೋ. ಅಶಿಗಾರು ಅಂತಾರೆ, ಸಂಬಳ ಇಲ್ಲ, ಲೂಟಿ ಮಾಡಿದ್ದೇ ಸಂಬಳ. ಇಚಿಜೋ ಕನೆಯೊಶಿ ಅನ್ನೋ ಪಂಡಿತ ಇವರನ್ನ ಏನಂತ ಬೈದ ಗೊತ್ತಾ, ಅಕ್ಷರಶಃ ಹಗಲು ದರೋಡೆ ಅಂತ! ಜಪಾನೀಸಲ್ಲಿ ಹಾಗೇ ಇದೆ, ಓದಿದಾಗ ನಮ್ಮಜ್ಜಿ ಬೈದ ಹಾಗೇ ಕೇಳಿಸ್ತು.

---

ಗದ್ದೆಬದು

ಬೆಳ್ಳಂಬೆಳಗ್ಗೆಯವರ ಪ್ರಶ್ನೆಗೆ ವಾಪಸ್. ಫುಜಿಕಿ ಹಿಸಾಶಿ ಅನ್ನೋ ಇತಿಹಾಸಕಾರರ ವಾದ ಇದೆ, ಸೆಂಗೊಕು ಕಾಲದಲ್ಲಿ (ಓನಿನ್ ಯುದ್ಧದ ನಂತರ ದೊರೆಗಳು ಒಬ್ಬರಿಗೊಬ್ಬರು ಹೊಡೆದಾಡಿದ ಕಾಲ) ಸಾಮಾನ್ಯ ಸೈನಿಕನಿಗೆ ಯುದ್ಧ ಅನ್ನೋದೇ ಹೊಟ್ಟೆಪಾಡು ಅಂತ. ಎಚಿಗೊ ಪ್ರಾಂತ್ಯ ಹಿಮದ ಸೀಮೆ, ಚಳಿಗಾಲ ಗದ್ದೆ ಹಿಮದಡಿ, ಎರಡನೇ ಬೆಳೆ ಬರಲ್ಲ, ಕಣಜ ಖಾಲಿ. ಅಲ್ಲಿನ ದೊರೆ ಉಎಸುಗಿ ಕೆನ್ಶಿನ್ ಚಳಿ ಶುರುವಾಗೋ ಹೊತ್ತಿಗೆ ಬೆಟ್ಟ ದಾಟಿ ಪೂರ್ವದ ಕಾಂತೊ ಬಯಲಿಗೆ ಸೈನ್ಯ ಕರ್ಕೊಂಡು ಹೋಗ್ತಿದ್ದ, ಎಷ್ಟೋ ಸಲ ವಾಪಸ್ ಬರ್ತಿದ್ದಿದ್ದು ಹಿಮ ಕರಗಿದ ಮೇಲೆ. ಗುಳೆ ಹೋದ ಹಾಗೆ, ಕೈಲಿ ಈಟಿ ಅಷ್ಟೆ. 1566ರಲ್ಲಿ ಹಿತಾಚಿಯ ಓದಾ ಕೋಟೆ ಬಿದ್ದಾಗ ಕೆನ್ಶಿನ್ ಒಪ್ಪಿಗೆ ಮೇಲೇ ಅಲ್ಲಿ ಮನುಷ್ಯರ ಸಂತೆ ನಡೀತು, ತಲೆಗೆ 20-30 ಮೊನ್ (ತಾಮ್ರದ ಕಾಸು) ಅಂತ ಆ ಕಾಲದ ದಾಖಲೆ. ಗೇಮಲ್ಲಿ ಕೆನ್ಶಿನ್ ಅಂದ್ರೆ ಧರ್ಮವೀರ ಅಲ್ವಾ? ಫುಜಿಕಿ ವಾದ ಎಲ್ರೂ ಒಪ್ಪಲ್ಲ, ರಾಜಕೀಯ ಕಾರಣಗಳನ್ನ ಕಡೆಗಣಿಸಿದಾರೆ ಅಂತಾರೆ, ಅದೂ ಸರಿನೇ.

ಸಾವಿನ ತಿಂಗಳು ನೋಡಿದ್ರೆ ಇನ್ನೂ ಸ್ಪಷ್ಟ. ಶಿಮೊಸಾದ ಹೊಂದೋಜಿ ಅನ್ನೋ ದೇವಸ್ಥಾನದಲ್ಲಿ ಸತ್ತವರ ಹೆಸರು ತಿಥಿ ಬರ್ಕೊಂಡ ಪುಸ್ತಕ ಇದೆ. ಅದನ್ನ ತಿಂಗಳವಾರು ಜೋಡಿಸಿದವರು ಹೇಳೋದು, ವಸಂತದಿಂದ ಬೇಸಿಗೆ ಶುರುವಿನ ತನಕ ಸಾವು ಏರುತ್ತೆ, ಸುಗ್ಗಿ ಹತ್ರ ಇಳಿಯುತ್ತೆ. ಚೆರ್ರಿ ಹೂವು ಬಿಡೋ ಕಾಲ ಅಂದ್ರೆ ಅವರಿಗೆ ಹಳೇ ಅಕ್ಕಿ ಮುಗಿದು ಹೊಸ ಗೋಧಿ ಇನ್ನೂ ಬಲೀದೇ ಇರೋ ಕಾಲ. ಅದಕ್ಕೇ ಭತ್ತ ಕೊಯ್ದ ಗದ್ದೇಲಿ ಗೋಧಿ ಹಾಕೋದು ಜೀವ ಉಳಿಸಿದ್ದು. 1264ರಲ್ಲಿ ಸರ್ಕಾರ ಆ ಎರಡನೇ ಬೆಳೆ ಮೇಲೆ ತೆರಿಗೆ ಹಾಕಬೇಡಿ ಅಂತ ಆದೇಶ ಮಾಡ್ತು. ನೀರು ಕಮ್ಮಿ ಇದ್ರೂ ಬರೋ ಚಂಪಾ ದೇಶದ ಕೆಂಪಕ್ಕಿನೂ ಬಂತು, ರುಚಿ ಇಲ್ಲ ಅಂತ ದೊಡ್ಡವರು ಮೂಗು ಮುರಿದ್ರು, ಬಡವರು ತಿಂದು ಬದುಕಿದ್ರು. ವಿಲಿಯಂ ವೇನ್ ಫಾರಿಸ್ ಅನ್ನೋ ಇತಿಹಾಸಕಾರರ ಅಂದಾಜು ಪ್ರಕಾರ 1280ರ ಹೊತ್ತಿಗೆ ಸುಮಾರು 60 ಲಕ್ಷ ಇದ್ದ ಜನ 1450ಕ್ಕೆ ಒಂದು ಕೋಟಿ ಹತ್ರ. ಅಂದಾಜೇ ಆದ್ರೂ, ಇಷ್ಟೆಲ್ಲಾ ಹೆಣದ ಕಥೆ ನಡುವೆ ಜನಸಂಖ್ಯೆ ಏರಿದೆ.

---

ಬೆಳ್ಳಂಬೆಳಗ್ಗೆ

ಅಬ್ಬಾ, ಒಂದು ಪ್ರಶ್ನೆ ಕೇಳಿದ್ದಕ್ಕೆ ಇಷ್ಟೊಂದು. ಕೆನ್ಶಿನ್ ವಿಷಯ ಓದಿ ಹೊಟ್ಟೆ ಉರೀತು, ಅವನೇ ನನ್ನ ಫೇವರಿಟ್ ಕ್ಯಾರೆಕ್ಟರು. ಒಂದು ಮಾತ್ರ ಉಳೀತು, ಈ ರೈತರು ಸುಮ್ನೆ ಸಾಯ್ತಾ ಇದ್ರಾ? ತಿರುಗಿ ಬೀಳಲೇ ಇಲ್ವಾ?

---

ಒಸಾಕಾ ಒಗ್ಗರಣೆ

ಬಿದ್ರು ಬಿದ್ರು. 1428ರಲ್ಲಿ ಬೆಳೆ ಇಲ್ಲ, ರೋಗ ಬೇರೆ, ಶೋಗುನ್ನೂ ಸತ್ತಿದ್ದ, ಚಕ್ರವರ್ತಿನೂ ಸತ್ತಿದ್ದ. ಓಮಿ ಪ್ರಾಂತ್ಯದಲ್ಲಿ ಕುದುರೆ ಮೇಲೆ ಸರಕು ಹೇರೋ ಜನ ಶುರು ಮಾಡಿದ್ದು, ಅದು ಕ್ಯೋಟೊ ನಾರಾ ತನಕ ಹಬ್ಬಿ ಸಾಲ ಕೊಡೋರ ಮನೆ, ಹೆಂಡದಂಗಡಿ, ದೇವಸ್ಥಾನ ಎಲ್ಲಾ ನುಗ್ಗಿ ಅಡವಿಟ್ಟ ವಸ್ತು ವಾಪಸ್ ತಗೊಂಡು ಸಾಲಪತ್ರ ಹರಿದು ಸುಟ್ರು. ಕೇಳಿದ್ದು ಒಂದೇ, ತೊಕುಸೆಯ್, ನಮ್ಮ ಭಾಷೇಲಿ ಹೇಳ್ಬೇಕಂದ್ರೆ ಸಾಲಮನ್ನಾ. ನಾರಾ ಹತ್ರ ಯಾಗ್ಯೂ ಅನ್ನೋ ಹಳ್ಳಿ ದಾರೀಲಿ ಒಂದು ಬಂಡೆ ಮೇಲೆ ಜಿಜೋ ದೇವರ ಕೆತ್ತನೆ ಇದೆ, ಅದರ ಪಕ್ಕದಲ್ಲೇ ಹಳ್ಳಿಯೋರು ಒಂದು ಸಾಲು ಕೆತ್ತಿದಾರೆ: ಶೋಚೋ ಒಂದನೇ ವರ್ಷಕ್ಕೆ (ಅಂದ್ರೆ 1428ಕ್ಕೆ) ಹಿಂದಿನದ್ದು, ಕಾಂಬೆಯ ನಾಲ್ಕೂ ಊರಲ್ಲಿ ಯಾವ ಸಾಲವೂ ಇಲ್ಲ. ಅಷ್ಟೇ. ಪಂಡಿತರ ಚೀನೀ ಲಿಪೀಲಿ ಅಲ್ಲ, ಹೆಚ್ಚುಕಮ್ಮಿ ಪೂರ್ತಿ ಕತಾಕಾನಾ ಅನ್ನೋ ಸರಳ ಉಚ್ಚಾರಣೆ ಲಿಪೀಲಿ, ವಕ್ರವಕ್ರವಾಗಿ.

---

ಬೆಳ್ಳಂಬೆಳಗ್ಗೆ

ಆ ಬಂಡೆ ನೋಡೋಕೆ ಬಿಡ್ತಾರಾ? ಮುಂದಿನ ವರ್ಷ ಜಪಾನ್ ಟ್ರಿಪ್ ಪ್ಲಾನ್ ಇದೆ.

---

ಒಸಾಕಾ ಒಗ್ಗರಣೆ

ಬಿಡೋದೇನು, ರಸ್ತೆ ಬದಿ ಬಯಲಲ್ಲೇ ಇದೆ. ನಾರಾದಿಂದ ಬಸ್ ಇದೆ ಆದ್ರೆ ದಿನಕ್ಕೆ ಕೆಲವೇ, ವಾಪಸ್ ಬರೋ ಟೈಮ್ ಮೊದಲು ನೋಡ್ಕೊಂಡು ಹತ್ತಿ. ನಾನು ಹೋದಾಗ ಮಧ್ಯಾಹ್ನದ ಬಿಸಿಲಲ್ಲಿ ಅಕ್ಷರ ಒಂದೂ ಕಾಣ್ಲಿಲ್ಲ, ಮೊಬೈಲ್ ಟಾರ್ಚ್ ಪಕ್ಕದಿಂದ ಓರೆಯಾಗಿ ಹಿಡಿದ ಮೇಲೆ ಒಂದೊಂದೇ ಎದ್ದು ಬಂತು.